ಜ್ಞಾನೇಂದ್ರಿಯಗಳ ಪಾಠವೂ ನನ್ನ ಸಿಟ್ಟೂ

ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದಷ್ಟು ಕಾಲವೂ ಒಂದು ವಿಷಯ ನೋಡಿದ್ದೇನೆ. ಕಾಂತದ ಪಾಠ ಮಾಡಿದರೆ ಏನೂ ಆಗುವುದಿಲ್ಲ. ಆಮ್ಲದ ಪಾಠ ಮಾಡಿದರೆ ಹೆಚ್ಚೆಂದರೆ ಯಾರದಾದರೂ ಲಂಗಕ್ಕೆ ತೂತು ಬೀಳುತ್ತದೆ. ಆದರೆ ಕಣ್ಣು, ಕಿವಿ, ಮೂಗು, ನಾಲಿಗೆ ಅಂತ ಜ್ಞಾನೇಂದ್ರಿಯಗಳ ಪಾಠಕ್ಕೆ ಕೈ ಹಾಕಿದೆನೋ, ಯಾರಾದರೂ ಒಬ್ಬರು ಬಂದು ನನ್ನ ಪಿತ್ತ ನೆತ್ತಿಗೇರಿಸದೆ ಬಿಡುವುದಿಲ್ಲ. ನಿನಗೆ ಮೊದಲೇ ಸಿಟ್ಟು ಜಾಸ್ತಿ, ಪಾಠದ ಮೇಲೆ ಯಾಕೆ ಹಾಕ್ತೀಯ ಅನ್ನುತ್ತಾರೆ ನಮ್ಮ ಮನೆಯವರು. ನಡೆದದ್ದನ್ನು ಹೇಳುತ್ತೇನೆ, ಸಿಟ್ಟು ಬರಬೇಕಿತ್ತೋ ಬೇಡವೋ ನೀವೇ ಹೇಳಿ.

ಹಂಡೆ ನೀರು

ನನ್ನ ತೌರು ಚಿಕ್ಕನಾಯಕನಹಳ್ಳಿ. ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಮದುವೆಯಾಗಿ, ತುರುವೇಕೆರೆ ಕಡೆಯ ಒಂದು ತೋಟದ ಮನೆಗೆ ಬಂದೆ. ಬೆಳಿಗ್ಗೆ ಎದ್ದು ತೆಂಗಿನ ಕಾಯಿಮಟ್ಟೆ, ಒಣಗರಿ ಹಾಕಿ ಬಚ್ಚಲ ಒಲೆ ಉರಿಸಿ ಹಂಡೆ ಕಾಯಿಸುವುದು ನನ್ನ ಪಾಲಿಗೆ ಬಂದ ಕೆಲಸ. ಆಮೇಲೆ ಸ್ಕೂಲು.

ನಮ್ಮ ಮನೆಯವರು ಮಂಜಿನಲ್ಲಿ ತೋಟ ಸುತ್ತಿ ಬಂದು, ಹಂಡೆಗೆ ಕೈಯಿಟ್ಟು, "ಏನೇ ಇದು, ಕೋಳಿ ಪುಕ್ಕ ಕೀಳಕ್ಕೆ ಕಾಯಿಸಿದೀಯಾ?" ಎಂದು ಕೂಗುವರು. ಅವರ ಹಿಂದೆಯೇ ನಮ್ಮತ್ತೆ ಅಡಿಗೆ ಒಲೆ ಮುಂದಿನಿಂದ ಎದ್ದು ಬಂದು, ಅದೇ ಹಂಡೆಗೆ ಕೈಯಿಟ್ಟು, "ಬಾವಿ ನೀರು ಹಂಗೇ ತುಂಬ್ಸಿದಾಳೆ ಕಣಪ್ಪ, ಒಲೆ ಹಚ್ಚೇ ಇಲ್ಲ ಇವ್ಳು" ಅನ್ನುವರು. ಒಂದೇ ಹಂಡೆ, ಒಂದೇ ನೀರು, ಎರಡು ಬೈಗುಳ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದಿಲ್ಲ. ತಪ್ಪು ನನ್ನದೇ ಅನ್ನುವುದರಲ್ಲಿ ಮಾತ್ರ ತಾಯಿ ಮಗ ಒಂದೇ ಮಾತು.

ಒಂದು ಭಾನುವಾರ ನನಗೆ ತಡೆಯಲಾಗಲಿಲ್ಲ. ಹಿತ್ತಿಲ ಕಟ್ಟೆಯ ಮೇಲೆ ಬೋಗುಣಿಗಳನ್ನು ಸಾಲಾಗಿ ಇಟ್ಟೆ. ಒಂದರಲ್ಲಿ ಬಿಸಿನೀರು, ಒಂದರಲ್ಲಿ ಬಾವಿ ನೀರು, ನಡುವಿನದರಲ್ಲಿ ಎರಡೂ ಬೆರೆಸಿದ್ದು. "ಅತ್ತೆ, ಬಲಗೈ ಬಿಸಿನೀರಲ್ಲಿ ಇಡಿ, ಎಡಗೈ ತಣ್ಣೀರಲ್ಲಿ ಇಡಿ" ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಈಗ ಎರಡೂ ಕೈ ನಡುವಿನ ಬೋಗುಣಿಗೆ ಹಾಕಿ" ಎಂದೆ.

ಅತ್ತೆ ಹುಬ್ಬು ಏರಿಸಿದರು. "ಎಡಗೈಗೆ ಬಿಸಿ ಅಂತೈತೆ. ಬಲಗೈಗೆ ತಣ್ಣಗೈತೆ!"

"ನೋಡಿದ್ರಾ? ಚರ್ಮದಲ್ಲಿ ಶಾಖ ಗೊತ್ತುಮಾಡೋ ಸಣ್ಣ ಸಣ್ಣ ಗ್ರಾಹಕಗಳಿವೆ. ಅವು ಥರ್ಮಾಮೀಟರ್ ಅಲ್ಲ ಅತ್ತೆ. ಮುಂಚೆ ಇದ್ದದ್ದಕ್ಕಿಂತ ಈಗ ಬಿಸಿಯೋ ತಣ್ಣಗೋ, ಅಷ್ಟೇ ಹೇಳ್ತವೆ. ಚಳೀಲಿ ಬಂದೋರಿಗೆ ಬಿಸಿ, ಒಲೆ ಮುಂದೆ ಕೂತಿದ್ದೋರಿಗೆ ತಣ್ಣಗೆ. ತಪ್ಪು ನನ್ನದಲ್ಲ."

ಅತ್ತೆ ಕೈ ಒದರಿಕೊಂಡು ಯೋಚನೆ ಮಾಡಿದರು. ಅರ್ಥವಾಯಿತು ಅಂದುಕೊಂಡೆ. ಅವರು ಎದ್ದು ಬೇಲಿಯಾಚೆಯ ಮನೆಯವಳನ್ನು ಕೂಗಿದರು: "ಬಾ ಇಲ್ಲಿ ಕಣೇ! ನಮ್ಮ ಸೊಸೆ ಬಿಯಸ್ಸಿ ಓದವ್ಳಂತೆ, ಒಂದು ಬೋಗುಣಿ ನೀರ ಸಮವಾಗಿ ಕಾಯಿಸಕ್ಕೆ ಬರಾಕಿಲ್ಲ! ಒಂದು ಕೈಗೆ ಬಿಸಿ, ಒಂದು ಕೈಗೆ ತಣ್ಣಗೆ!"

ಮೈಮೇಲೆ ಬಂದದ್ದು

ಕಿವಿ ಕೇಳುವುದಕ್ಕೆ ಮಾತ್ರ ಅಲ್ಲ. ಒಳಗಿವಿಯಲ್ಲಿ ಬಳೆಯ ಚೂರಿನಂಥ ನಾಳಗಳಿವೆ, ಅವುಗಳೊಳಗೆ ದ್ರವ ಇದೆ. ನಾವು ತಿರುಗಿದರೆ ಅದೂ ತಿರುಗುತ್ತದೆ. ನಾವು ನಿಂತರೂ ಅದು ಕೂಡಲೇ ನಿಲ್ಲುವುದಿಲ್ಲ. ಅಲ್ಲಿರುವ ಕೂದಲಿನಂಥ ಗ್ರಾಹಕಗಳು 'ಇನ್ನೂ ತಿರುಗುತ್ತಿದ್ದೀಯೆ' ಅಂತ ಮೆದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. ತಲೆಸುತ್ತು ಅಂದರೆ ಇಷ್ಟೇ.

ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ತಲೆಗೆ ಹೋಗುವುದಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬ ಗಟ್ಟಿಗಿತ್ತಿ ಹುಡುಗಿಯನ್ನು ವರಾಂಡಕ್ಕೆ ಕರೆದು, ನಿಂತಲ್ಲೇ ಗರಗರ ತಿರುಗು ಎಂದೆ. ತಿರುಗಿದಳು. ಜಡೆ ಬಿಚ್ಚಿಹೋಯಿತು. "ನಿಲ್ಲು" ಎಂದೆ. ನಿಂತವಳು ತೂರಾಡಿದಳು, ಕಣ್ಣುಗುಡ್ಡೆಗಳು ಅತ್ತಿಂದಿತ್ತ ಓಡತೊಡಗಿದವು. "ನೋಡಿ ಮಕ್ಕಳೇ, ಕಣ್ಣು ನೋಡಿ!" ಎಂದು ನಾನು ಉತ್ಸಾಹದಲ್ಲಿ ಕೂಗಿದೆ.

ನನ್ನ ಕೂಗು ಕೇಳಿ ಬಂದವನು ಶಾಲೆಯ ಜವಾನ. ಕೂದಲು ಕೆದರಿ, ಕಣ್ಣು ತಿರುಗಿಸಿ, ತೂಗಾಡುತ್ತಿದ್ದ ಹುಡುಗಿಯನ್ನು ನೋಡಿದವನೇ ಕೈಲಿದ್ದ ಟೀ ಕೆಟಲ್ ಕೆಳಗಿಟ್ಟು, "ಅಮ್ಮಾ ತಾಯೀ!" ಎಂದು ಉದ್ದಕ್ಕೆ ಮಲಗಿಬಿಟ್ಟ.

"ಏಳಯ್ಯ ಮೇಲೆ! ಇದು ದೇವರಲ್ಲ, ಕಿವಿಯೊಳಗಿನ ನೀರು!"

"ಕಿವೀಲಿ ಬಂದೈತಾ ಮೇಡಮ್ಮಾರೇ? ನಮ್ಮೂರಲ್ಲಿ ನೆತ್ತಿಗೆ ಬತ್ತದೆ" ಎಂದ ಅವನು ಮಲಗಿಕೊಂಡೇ.

ಅಷ್ಟರಲ್ಲಿ ಸ್ಟಾಫ್ ರೂಮು ಖಾಲಿಯಾಗಿ ವರಾಂಡ ತುಂಬಿತು. ಹಿಂದಿ ಮೇಷ್ಟ್ರು ಚಪ್ಪಲಿ ಕಳಚಿ, ಕೈ ಮುಗಿದು, ಹುಡುಗಿಯ ಮುಂದೆ ನಿಂತರು. "ತಾಯಿ, ತಿಪಟೂರಿಗೆ ನನ್ನ ವರ್ಗ ಆಗುತ್ತಾ?" ಪಾಪ, ಹುಡುಗಿಗೆ ಹೊಟ್ಟೆ ತೊಳೆಸುತ್ತಿತ್ತು. ಬಾಯಿಗೆ ಕೈ ಅಡ್ಡ ಹಿಡಿದು, ಆಗಲ್ಲ ಮೇಡಂ, ತಡೆಯಕ್ಕಾಗಲ್ಲ ಎಂದು ತಲೆ ಅಲ್ಲಾಡಿಸಿದಳು. ಹಿಂದಿ ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. "ಆಗಲ್ಲವಂತೆ."

ಹುಡುಗಿಯನ್ನು ಮಲಗಿಸಿ ನೀರು ಕುಡಿಸಿದೆ. ಹೆಡ್ಮಾಸ್ಟರು ನನ್ನನ್ನು ರೂಮಿಗೆ ಕರೆಸಿದರು. "ಇದು ಸರ್ಕಾರಿ ಶಾಲೆ ಕಣಮ್ಮ. ಇಲ್ಲಿ ದೇವರು ಬರಿಸೋದಿದ್ರೆ ಮುಂಚಿತವಾಗಿ ನನ್ನ ಅನುಮತಿ ತಗೋಬೇಕು."

"ಸಾರ್, ಅದು ಪ್ರಯೋಗ!" ಎಂದು ನಾನು ಮೇಜು ಕುಟ್ಟಿದೆ. ನಾಳ, ದ್ರವ, ನರ, ಮೆದುಳು ಎಲ್ಲ ಚಿತ್ರ ಬರೆದು ತೋರಿಸಿದೆ. ಅವರು ಶಾಂತವಾಗಿ ಕೇಳಿದರು. ನಾನು ಬಾಗಿಲ ತನಕ ಬಂದಾಗ ಹಿಂದಿನಿಂದ ಮೆಲ್ಲಗೆ ಕರೆದರು.

"ಅಲ್ಲಮ್ಮ, ಆ ಪ್ರಯೋಗ ನಾಳೇನೂ ಇರುತ್ತಾ? ನಮ್ಮ ಮಗಳಿಗೆ ಒಂದು ಸಂಬಂಧ ಬಂದಿದೆ. ಒಂದು ಮಾತು ಕೇಳೋದಿತ್ತು."

ಹಾಗಲಕಾಯಿ ರಸ

ನಮ್ಮ ಕಾಲದ ಪಠ್ಯಪುಸ್ತಕದಲ್ಲಿ ನಾಲಿಗೆಯ ಒಂದು ಚಿತ್ರ ಇತ್ತು. ನಾಡಿನ ನಕ್ಷೆಯಲ್ಲಿ ಜಿಲ್ಲೆ ಹಂಚಿದ ಹಾಗೆ ನಾಲಿಗೆಯನ್ನು ಹಂಚಿದ್ದರು. ತುದಿ ಸಿಹಿಗೆ, ಪಕ್ಕ ಹುಳಿಗೆ ಉಪ್ಪಿಗೆ, ಹಿಂದಿನ ಭಾಗ ಕಹಿಗೆ. ನಾನು ಮಕ್ಕಳಿಗೆ, "ಪುಸ್ತಕ ಮುಚ್ಚಿ, ನಾಲಿಗೆ ಚಾಚಿ, ನೀವೇ ನೋಡಿ" ಎಂದು ಬೆಲ್ಲದ ನೀರು, ಹುಣಿಸೆ ರಸ, ಹಾಗಲಕಾಯಿ ರಸ ತಂದಿಟ್ಟಿದ್ದೆ. ಎಲ್ಲರೂ ಹೇಳಿದ್ದು ಒಂದೇ: ಎಲ್ಲ ರುಚಿಯೂ ಎಲ್ಲ ಕಡೆಯೂ ಗೊತ್ತಾಗುತ್ತೆ ಮೇಡಂ. ಸರಿ, ರುಚಿಮೊಗ್ಗು ಇರುವ ಕಡೆಯೆಲ್ಲ ಗೊತ್ತಾಗಲೇಬೇಕಲ್ಲ. ನಿಮ್ಮ ನಾಲಿಗೆ ಏನು ಹೇಳಿತೋ ಅದನ್ನೇ ಬರೆಯಿರಿ ಎಂದೆ.

ಆಗ ಶಾಲಾ ಇನ್ಸ್‌ಪೆಕ್ಟರು ಕ್ಲಾಸಿನೊಳಕ್ಕೆ ಬಂದರು. ಉದ್ದ ಕೋಟು, ಕೈಯಲ್ಲಿ ಬೆತ್ತ. ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿ, "ಕಹಿ ನಾಲಿಗೆಯ ಯಾವ ಭಾಗಕ್ಕೆ ತಿಳಿಯುತ್ತದೆ?" ಎಂದರು.

"ಎಲ್ಲ ಕಡೆಗೂ ಸಾರ್."

"ತಪ್ಪು! ಹಿಂಭಾಗಕ್ಕೆ ಮಾತ್ರ!"

"ತುದೀಗೂ ಗೊತ್ತಾಗುತ್ತೆ ಸಾರ್, ಈಗ ತಾನೇ ನೋಡಿದೆ."

"ಎದುರು ಮಾತಾಡ್ತೀಯಾ? ದಡ್ಡ ಮುಂಡೇದು!"

ಹುಡುಗಿ ಅಳತೊಡಗಿದಳು. ಮಗು ಕಂಡದ್ದನ್ನು ಕಂಡಂತೆ ಹೇಳಿದ್ದಕ್ಕೆ ಬೈಗುಳವೇ? ನನ್ನ ಮೈಯೆಲ್ಲ ಉರಿಯಿತು. ಆದರೆ ದನಿ ಬೆಣ್ಣೆ ಮಾಡಿಕೊಂಡು, "ಸಾರ್, ಪುಸ್ತಕದ ಪ್ರಕಾರ ನಾಲಿಗೆ ತುದಿಗೆ ಕಹಿ ಗೊತ್ತಾಗೋದೇ ಇಲ್ಲ ಅಲ್ಲವಾ?" ಎಂದೆ.

"ಗೊತ್ತಾಗೋದೇ ಇಲ್ಲ."

"ಹಾಗಾದ್ರೆ ಮಕ್ಕಳ ಮುಂದೆ ಒಂದು ಸಲ ತಾವೇ ತೋರಿಸಿಕೊಡಬೇಕು."

ಮಕ್ಕಳೆಲ್ಲ ನೋಡುತ್ತಿದ್ದರು. ಹಿಂದೆ ಸರಿಯುವಂತಿರಲಿಲ್ಲ. ಇನ್ಸ್‌ಪೆಕ್ಟರು ಕಣ್ಣು ಮುಚ್ಚಿ, ಯಜ್ಞಕ್ಕೆ ಕೂತವರ ಹಾಗೆ ನೆಟ್ಟಗೆ ನಿಂತು ನಾಲಿಗೆಯ ತುದಿ ಚಾಚಿದರು. ನಾನು ಗಾಜಿನ ಕಡ್ಡಿಯಿಂದ ಹಾಗಲಕಾಯಿ ರಸವನ್ನು ತುದಿಗೆ ಮಾತ್ರ ಸವರಿದೆ. ಕಿರು ಹಾಗಲ, ನಮ್ಮ ಹಿತ್ತಿಲದ್ದು.

ಮುಖ ಮೊದಲು ಕೆಂಪಾಯಿತು, ಆಮೇಲೆ ಮುದುಡಿತು. ಬೆತ್ತ ಬಿಸಾಕಿ ಕಿಟಕಿಗೆ ಓಡಿ ಥೂ ಥೂ ಎಂದು ಉಗಿದರು. ಹೂಜಿಯ ನೀರು ಅಷ್ಟನ್ನೂ ಮುಕ್ಕಳಿಸಿದರು. ಬೆಲ್ಲದ ನೀರಿನ ಲೋಟ ಕಂಡು ಅದನ್ನೂ ಎತ್ತಿ ಕುಡಿದರು. ಅಳುತ್ತಿದ್ದ ಹುಡುಗಿಯೂ ನಗತೊಡಗಿದಳು.

"ಈಗ ಹೇಳಿ ಸಾರ್, ಪುಸ್ತಕ ಸರಿಯೋ, ಮಗು ಹೇಳಿದ್ದು ಸರಿಯೋ?" ಎಂದೆ.

ಇನ್ಸ್‌ಪೆಕ್ಟರು ಕೋಟು ಎಳೆದುಕೊಂಡು, ಬಾಯಿ ಒರೆಸಿಕೊಂಡು, ಗಂಭೀರವಾಗಿ ಹೇಳಿದರು: "ಪುಸ್ತಕ ಸರ್ಕಾರದ್ದು ಕಣಮ್ಮ. ನಾಲಿಗೆ ನನ್ನ ಸ್ವಂತದ್ದು. ಪರೀಕ್ಷೇಲಿ ಸರ್ಕಾರದ್ದೇ ಬರೀಬೇಕು!"

ಗುಂಡಿಯ ವಾಸನೆ

ಆಮೇಲೆ ನನಗೆ ಇನ್ನೊಂದು ಊರಿಗೆ ವರ್ಗವಾಯಿತು. ಆ ಶಾಲೆಯ ಗೋಡೆಯಾಚೆಗೇ ಕಾಯಿಮಟ್ಟೆ ಕೊಳೆಹಾಕಿ ನಾರು ತೆಗೆಯುವ ದೊಡ್ಡ ಗುಂಡಿ. ಮಟ್ಟೆ ನೀರಲ್ಲಿ ತಿಂಗಳುಗಟ್ಟಲೆ ಕೊಳೆತರೆ ಬರುವ ವಾಸನೆ ಎಂಥದ್ದು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹೊಸದಾಗಿ ಸೇರಿದ ಮಕ್ಕಳು ಬುತ್ತಿ ಬಿಚ್ಚಿ ಹಾಗೇ ಮುಚ್ಚಿಡುತ್ತಿದ್ದವು. ಗುಂಡಿಯ ಯಜಮಾನನ ಹತ್ತಿರ ಜಗಳಕ್ಕೆ ಹೋದೆ. ಅವನು ಗುಂಡಿಯ ದಂಡೆಯಲ್ಲೇ ಕೂತು ಮುದ್ದೆ ಉಣ್ಣುತ್ತಿದ್ದ. "ಯಾವ ವಾಸ್ನೆ ಟೀಚರಮ್ಮ?" ಎಂದು ನಿಜವಾಗಿಯೂ ಗೊತ್ತಿಲ್ಲದವನ ಹಾಗೆ ಕೇಳಿದ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. ಅದೇ ಕಷ್ಟ.

ಅಷ್ಟರಲ್ಲಿ ಹೊಸ ಹೆಡ್ಮಾಸ್ಟರು ಬಂದರು. ಗೇಟಿನೊಳಕ್ಕೆ ಕಾಲಿಟ್ಟವರೇ ಕರ್ಚೀಫು ಮೂಗಿಗೆ ಒತ್ತಿಕೊಂಡು, "ಇದೇನ್ರೀ ಇದು, ನರಕ! ಇದನ್ನ ಮುಚ್ಚಿಸದೆ ನಾನು ಸುಮ್ಮನಿರೋನಲ್ಲ" ಎಂದರು. ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದ ಅಂತ ಸಮಾಧಾನವಾಯಿತು. ತಾಲ್ಲೂಕು ಕಚೇರಿಗೆ ದೂರು ಹೋಯಿತು. ಬಹಳ ದಿನದ ಮೇಲೆ ಆರೋಗ್ಯದ ಸಾಹೇಬರು ತನಿಖೆಗೆ ಬಂದರು.

ಸಾಹೇಬರೂ ಗೇಟಿನಲ್ಲಿ ಮೂಗು ಮುಚ್ಚಿಕೊಂಡೇ ಬಂದರು. ಅಲ್ಲೇ ವರದಿ ಬರೆಸಿಕೊಳ್ಳಬೇಕಿತ್ತು. ಆದರೆ ಹೆಡ್ಮಾಸ್ಟರು ಮರ್ಯಾದಸ್ಥರು. ಒಳಗೆ ಕೂರಿಸಿ ಎಳನೀರು ಕೊಟ್ಟರು. ಬುರುಡೆಯೊಳಗಿನ ಎಳೆ ಗಂಜಿಯನ್ನೂ ಕೆರೆದು ಕೊಟ್ಟರು. ಸಾಹೇಬರು ತಮ್ಮ ಹಾಸನದ ಸರ್ವೀಸು, ಮಗನ ಇಂಜಿನಿಯರಿಂಗ್ ಸೀಟು, ಎಲ್ಲ ಮಾತಾಡಿ ಮುಗಿಸಿ, "ಸರಿ, ಎಲ್ಲಿ ಸ್ವಾಮಿ ಆ ವಾಸನೆ?" ಎಂದು ಗಾಳಿ ಎಳೆದರು. ಇನ್ನೊಂದು ಸಲ ಎಳೆದರು. "ಏನೂ ಇಲ್ಲವಲ್ಲ!"

ನಾನು ಮುಂದೆ ಬಂದೆ. "ಸಾರ್, ಇದೆ. ನಿಮ್ಮ ಮೂಗು ಒಗ್ಗಿಹೋಗಿದೆ. ಒಂದೇ ವಾಸನೇನ ಸ್ವಲ್ಪ ಹೊತ್ತು ಕುಡಿದ್ರೆ ಮೂಗಿನ ಗ್ರಾಹಕಗಳು ದಣಿದು ಸುದ್ದಿ ಕಳಿಸೋದನ್ನ ಕಮ್ಮಿ ಮಾಡ್ತವೆ. ಗೇಟಾಚೆ ಹೋಗಿ, ಒಳ್ಳೇ ಗಾಳೀಲಿ ಸ್ವಲ್ಪ ಇದ್ದು ವಾಪಸ್ ಬನ್ನಿ. ಆಗ ಗೊತ್ತಾಗುತ್ತೆ."

"ಹೌದಾ? ಒಳ್ಳೇ ವಿಷಯ ಹೇಳಿದ್ರಿ" ಎಂದು ಸಾಹೇಬರು ಗೇಟಾಚೆ ಹೋದರು. ನಾನು ಬಾಗಿಲಲ್ಲಿ ಕಾಯುತ್ತ ನಿಂತೆ. ಕಿಬ್ಬನಹಳ್ಳಿ ಕಡೆಯ ಬಸ್ಸು ಬಂತು, ಹೋಯಿತು. ಧೂಳು ಇಳಿದ ಮೇಲೆ ನೋಡಿದರೆ ಸಾಹೇಬರೂ ಇಲ್ಲ.

ನನಗೆ ಬಂದ ಸಿಟ್ಟಿಗೆ ಮಾರನೇ ದಿನವೇ ಇನ್ನೊಂದು ದೂರು ಬರೆದು ಹೆಡ್ಮಾಸ್ಟರ ಮುಂದೆ ಇಟ್ಟೆ. ನೋಡೋಣ ಎಂದರು. ಮತ್ತೆ ಕೇಳಿದೆ. ನೋಡೋಣ ಎಂದರು. ಹೀಗೇ ಬೇಸಿಗೆ ಕಳೆಯಿತು. ಶಾಲೆ ತೆರೆದ ದಿನ ಹೊಲಿಗೆ ಟೀಚರು ಒಬ್ಬಾಕೆ ಹೊಸದಾಗಿ ಬಂದಳು. ಗೇಟಿನಲ್ಲೇ ಸೆರಗು ಮೂಗಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಹಾಗೇ ಹೆಡ್ಮಾಸ್ಟರ ಮುಂದೆ ನಿಂತಳು. ಹೆಡ್ಮಾಸ್ಟರು ಮರುಕದಿಂದ ನೋಡಿದರು.

"ಯಾಕಮ್ಮ, ನೆಗಡೀನಾ? ಇಲ್ಲಿಯ ಗಾಳಿ ಬಹಳ ಚೆನ್ನಾಗಿದೆ, ವಾರದಲ್ಲಿ ವಾಸಿಯಾಗುತ್ತೆ ಬಿಡಿ."

ಹೆಣ್ಣು ನೋಡುವ ಶಾಸ್ತ್ರ

ಇದೊಂದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ, ಜೊತೆಗೇ ನಗು ಬರುತ್ತದೆ.

ಸಂಪಿಗೆ ಅನ್ನುವ ಊರಿನ ಕಡೆಯಿಂದ ಒಬ್ಬ ಹುಡುಗಿ ಹತ್ತನೇ ಕ್ಲಾಸಿಗೆ ಬರುತ್ತಿದ್ದಳು. ಬೋರ್ಡಿನ ಮೇಲೆ ಬರೆದದ್ದನ್ನು ಯಾವತ್ತೂ ತಾನಾಗಿ ಬರೆದುಕೊಂಡವಳಲ್ಲ, ಪಕ್ಕದವಳ ಪುಸ್ತಕ ನೋಡಿ ಬರೆಯುವಳು. ಕಾಪಿ ಹೊಡೆಯುತ್ತಾಳೆ, ಮೊದ್ದು, ಕಳ್ಳಿ ಅಂತ ಎಲ್ಲ ಮೇಷ್ಟ್ರ ಕೈಲೂ ಏಟು ತಿಂದಿದ್ದಳು. ನಾನು ಕಣ್ಣಿನ ಪಾಠ ಮಾಡುವ ದಿನ ಗೋಡೆಗೆ ಒಂದು ದೊಡ್ಡ ಚಾರ್ಟು ತೂಗುಹಾಕಿ, "ಇದರಲ್ಲಿ ಅಕ್ಷಿಪಟಲ ಎಲ್ಲಿದೆ ಹೇಳು" ಎಂದು ಅವಳನ್ನು ಕೇಳಿದೆ. ಅವಳು ಎದ್ದು ನಿಂತು ಕಣ್ಣು ಕಿರಿದು ಮಾಡಿ ಕೇಳಿದಳು: "ಯಾವ ಚಾರ್ಟು ಮೇಡಂ?"

ಇಷ್ಟು ವರ್ಷ ಈ ಮಗುವಿಗೆ ಬಡಿದವರಲ್ಲಿ ಒಬ್ಬರಾದರೂ, ನಿನಗೆ ಕಾಣುತ್ತೇನಮ್ಮ ಅಂತ ಕೇಳಲಿಲ್ಲವಲ್ಲ! ಭಾನುವಾರ ನಾನೇ ತಿಪಟೂರಿಗೆ ಕಣ್ಣು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದೂರದ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತಿದೆ, ಕನ್ನಡಕ ಹಾಕಿದರೆ ಸರಿಹೋಗುತ್ತೆ, ಅಷ್ಟೇ ಎಂದರು. ಕನ್ನಡಕ ಕೈಗೆ ಬಂದ ದಿನ ಅದನ್ನು ಹಾಕಿಕೊಂಡು ಬೀದಿಗೆ ಬಂದವಳು ಎದುರಿಗಿದ್ದ ತೆಂಗಿನಮರ ನೋಡುತ್ತ ನಿಂತುಬಿಟ್ಟಳು. "ಮೇಡಂ, ಗರಿ ಒಂದೊಂದೂ ಬಿಡಿಬಿಡಿಯಾಗಿ ಐತೆ! ನಾನು ಮೇಲೆ ಹಸ್ರು ಮುದ್ದೆ ಥರ ಇರ್ತದೆ ಅಂದ್ಕೊಂಡಿದ್ದೆ." ತೆಂಗಿನ ತೋಟದೊಳಗೇ ಹುಟ್ಟಿ ಬೆಳೆದ ಹುಡುಗಿ! ಯಾರ ಮೇಲೆ ಸಿಟ್ಟು ಮಾಡಲಿ ಅಂತ ತಿಳಿಯದೆ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಳು. ಮುಂದೆ ಓದಿಸಿ ಎಂದೆ. ಓದಿಸುವುದಿರಲಿ, ಗಂಡಿನವರು ನೋಡಲು ಬರುತ್ತಾರೆ, ನೀವೂ ಬಂದು ನಾಲ್ಕು ಒಳ್ಳೆ ಮಾತು ಹೇಳಬೇಕು ಅಂತ ಅವಳ ತಾಯಿ ಹೇಳಿಕಳಿಸಿದಳು. ಹುಡುಗಿಯ ಮುಖ ನೋಡಿ ಬರೋಣ ಅಂತ ರೇಷ್ಮೆ ಸೀರೆ ಉಟ್ಟು ಹೋದೆ. ಒಳಗೆ ಹೋಗಿ ನೋಡುತ್ತೇನೆ, ಮೈತುಂಬ ಒಡವೆ, ಮುಖದ ಮೇಲೆ ಕನ್ನಡಕ ಇಲ್ಲ!

"ಎಲ್ಲೇ ಕನ್ನಡಕ?"

"ಅವ್ವ ರಾಗಿ ಮಡಕೇಲಿ ಹೂತಿಟ್ಟವ್ಳೆ ಮೇಡಂ."

"ಸುಮ್ಕಿರಿ ಮೇಡಮ್ಮಾರೇ, ನಿಮ್ಮ ದಮ್ಮಯ್ಯ" ಎಂದು ತಾಯಿ ನನ್ನ ಕೈ ಹಿಡಿದುಕೊಂಡಳು. "ಅವ್ರು ಎದ್ದು ಹೋಗೋಗಂಟ ಅಷ್ಟೇ."

ಗಂಡಿನವರು ಬಂದು ಚಾಪೆಯ ಮೇಲೆ ಕೂತರು. ಗಂಡು ಟೆರಿಲಿನ್ ಶರ್ಟು ಹಾಕಿಕೊಂಡು ತಂದೆಯ ಪಕ್ಕದಲ್ಲಿ ಕೂತಿದ್ದ. ನೀರಿನ ಚೊಂಬು ಕೊಟ್ಟರೆ ಗಾಳಿಯಲ್ಲಿ ಕೈಯಾಡಿಸಿ ಹುಡುಕಿ ತೆಗೆದುಕೊಂಡ. ನನಗೆ ಆಗಲೇ ಏನೋ ಅನುಮಾನ ಬಂತು. ನಾನು ನಡುಮನೆಯ ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂತಿದ್ದೆ.

ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು. ಹಳೇ ಮನೆ, ಬೆಳಕು ಕಮ್ಮಿ. ಗಂಡಿನ ತಂದೆ ತಮ್ಮ ಕೋಟು ಬಿಚ್ಚಿ ಕಂಬದ ಗೂಟಕ್ಕೆ ತೂಗುಹಾಕಿ, ಮೇಲೆ ಟೋಪಿಯನ್ನೂ ಸಿಕ್ಕಿಸಿದ್ದರು. ಹುಡುಗಿ ನೆಟ್ಟಗೆ ಆ ಕೋಟಿನ ಮುಂದೆ ಹೋಗಿ, ತಲೆ ಬಗ್ಗಿಸಿ, "ಕಾಫಿ ತಗೊಳ್ಳಿ" ಎಂದು ನಿಂತಳು. ಕೋಟು ತೆಗೆದುಕೊಳ್ಳಲಿಲ್ಲ. "ತಗೊಳ್ಳಿ, ನಾಚ್ಕೋಬೇಡಿ" ಎಂದಳು. ತಾಯಿ ಓಡಿಬಂದು ಭುಜ ಹಿಡಿದು ತಿರುಗಿಸಿದಳು.

ಗಂಡಿನ ತಂದೆ ಗಂಟಲು ಸರಿಮಾಡಿಕೊಂಡು, "ಹುಡುಗೀನ ಚೆನ್ನಾಗಿ ನೋಡ್ಕಳ್ಳಪ್ಪ, ಆಮೇಲೆ ನಮ್ಮನ್ನ ಅನ್ಬಾರ್ದು" ಎಂದರು. ಗಂಡು ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ರೇಷ್ಮೆ ಸೀರೆ ಎಲ್ಲಿ ಹೊಳೆಯುತ್ತಿದೆಯೋ ಆ ಕಡೆ ನೋಡಿದ. ನೋಡಿ ನೋಡಿ ನಾಚಿಕೊಂಡು ನಕ್ಕ. "ಒಪ್ಗೆ ಕಣಪ್ಪ. ವಸಿ ದಪ್ಪ ಅವ್ರೆ, ಪರ್ವಾಗಿಲ್ಲ."

ಅವನು ನೋಡುತ್ತಿದ್ದದ್ದು ನನ್ನನ್ನು!

ಧಡಕ್ಕನೆ ಎದ್ದೆ. "ನಾನು ಅವಳ ಮೇಡಂ ಕಣಯ್ಯ! ನಿನ್ನ ವಯಸ್ಸಿನ ಮಗ ಇದಾನೆ ನಂಗೆ!" ಎಂದು ಕೂಗಿ, ಅಡಿಗೆಮನೆಗೆ ನುಗ್ಗಿ, ರಾಗಿ ಮಡಕೆಗೆ ಮೊಣಕೈ ತನಕ ಕೈ ಹಾಕಿ ಕನ್ನಡಕ ಎಳೆದು ತೆಗೆದೆ. ಸೆರಗಿನಲ್ಲಿ ಒರೆಸಿ ತಂದು ಎಲ್ಲರ ಎದುರಿಗೇ ಹುಡುಗಿಯ ಮೂಗಿನ ಮೇಲೆ ಕೂರಿಸಿದೆ. "ಇದನ್ನ ಬಚ್ಚಿಟ್ಟು ಮದುವೆ ಮಾಡೋ ಅಗತ್ಯ ಏನೂ ಇಲ್ಲ!"

ಗಂಡಿಗೆ ಏನು ನಡೆಯಿತೆಂದು ಕಾಣಲಿಲ್ಲ. ಬನೀನಿನೊಳಗೆ ಕೈಹಾಕಿ ಸೋಡಾಬುಡ್ಡಿಯ ತಳದಂಥ ದಪ್ಪ ಕನ್ನಡಕ ಒಂದನ್ನು ತೆಗೆದ, ಮುಖಕ್ಕೆ ಹಾಕಿಕೊಂಡ, ಹುಡುಗಿಯನ್ನು ನೋಡಿದ. ನೋಡಿ, ಗಾಬರಿಯಿಂದ ತಂದೆಯ ಕಡೆ ತಿರುಗಿದ. "ಅಪ್ಪಾ, ಹುಡ್ಗಿ ಕನ್ನಡ್ಕ ಹಾಕ್ತಾಳೆ ಕಣಪ್ಪ! ಮುಚ್ಚಿಟ್ಟಿದ್ರು! ಇದು ಮೋಸ!"

ಜೀವನದಲ್ಲಿ ಮೊದಲ ಸಲ ನನ್ನ ಸಿಟ್ಟಿಗೆ ಬಾಯಿ ಕಟ್ಟಿತು. ಆದರೆ ಹುಡುಗಿ ಕನ್ನಡಕವನ್ನು ಬೆರಳಿನಿಂದ ಮೇಲೆ ತಳ್ಳಿಕೊಂಡು, ಗಂಡನ್ನು ತಲೆಯಿಂದ ಕಾಲಿನ ತನಕ, ಕಾಲಿನಿಂದ ತಲೆಯ ತನಕ, ನಿಧಾನವಾಗಿ ನೋಡಿದಳು.

"ಮೇಡಂ, ಈಗ ಚೆನ್ನಾಗಿ ಕಾಣ್ತೈತೆ" ಎಂದಳು. "ನಂಗೆ ಬ್ಯಾಡ."

ಗಂಡಿನವರು ಕೋಟು, ಟೋಪಿ ಎತ್ತಿಕೊಂಡು ಹೊರಟರು. ಹುಡುಗಿ ಮುಂದೆ ಟಿ.ಸಿ.ಎಚ್. ಓದಿ, ಟೀಚರಾಗಿ ಕೆಲಸಕ್ಕೆ ಸೇರಿ, ಕನ್ನಡಕ ಹಾಕಿಕೊಂಡೇ ಹಸೆಮಣೆಯ ಮೇಲೆ ಕೂತದ್ದು ಆಮೇಲಿನ ಮಾತು. ಆವತ್ತು ಮಾತ್ರ ಅವಳ ತಾಯಿ ಹೊಸಲಿನ ಮೇಲೆ ಕೂತು, ಹಣೆ ಹಣೆ ಬಡಿದುಕೊಂಡು, ನನ್ನ ಕಡೆ ಕೈ ತೋರಿಸಿ ಊರಿಗೆಲ್ಲ ಕೇಳುವಂತೆ ಅತ್ತಳು:

"ಇದ್ಕೇ ಕಣ್ರವ್ವ ಹೆಣ್ಮಕ್ಳಿಗೆ ಕನ್ನಡ್ಕ ಕೊಡುಸ್ಬಾರ್ದು ಅನ್ನೋದು! ಒಳ್ಳೇ ಸಂಬಂಧ ಬಂದು ಬಾಗ್ಲಲ್ಲಿ ಕುಂತಿತ್ತು, ಇವ್ಳಿಗೆ ಕಣ್ಣು ಕಂಡ್ಬುಡ್ತು!"